ಹಿಮ್ಮೆಟ್ಟುವವರ ನಿಯಮ

೮ ಸೆಪ್ಟೆಂಬರ್, ಭಾನುವಾರ

ಬೋರಲು ಮಲಗಿ ಬರೆಯುತ್ತಿದ್ದೇನೆ. ಬೆನ್ನಿನ ಹೊಲಿಗೆ ಬಿಚ್ಚಿದ್ದಾರೆ, ಆದರೂ ಗೋಡೆಗೆ ಒರಗಿದರೆ ಚರ್ಮ ಜಗ್ಗುತ್ತದೆ. ದನಕರುಗಳ ರೋಗ, ಕೊಟ್ಟ ಔಷಧ, ಇಷ್ಟು ಬಿಟ್ಟು ಬೇರೇನನ್ನೂ ಬರೆದವನಲ್ಲ ನಾನು. ಈಗ ಬರೆಯುತ್ತಿರುವುದು ಬಾಯಿಬಿಟ್ಟು ಹೇಳಲಾರದ್ದಕ್ಕೆ.

ಗಣಪತಿ ನೋಡಲು ಬಂದವರೆಲ್ಲ ನಿನ್ನೆಯಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಕರಡಿ ಮೈಮ್ಯಾಲ ಬಂದಾಗ ನೀವೇನ್ ಮಾಡಿದ್ರಿ, ಗುರುಬಸವಣ್ಣ?"

ಏನು ಮಾಡುವುದು, ಓಡಿದೆ. ಎದೆಯ ಮೇಲೆ ಒಂದು ಗೀರೂ ಇಲ್ಲ, ಬೆನ್ನೆಲ್ಲ ಉತ್ತ ಹೊಲದ ಹಾಗಾಗಿದೆ. ಅದನ್ನು ನೋಡಿದ ಮೇಲೂ ಕೇಳುತ್ತಾರೆ. ನಾನು ಸುಮ್ಮನೆ ನಕ್ಕು ನೀರು ಕುಡಿಯುತ್ತೇನೆ. ಹೆಂಡತಿ ಶಾಂಭವಿ ನಡುವೆ ಬಂದು, "ಅವ್ರಿಗೆ ಭಾಳ ಮಾತಾಡಾಕ ಆಗಂಗಿಲ್ರಿ, ಡಾಕ್ಟ್ರು ಬ್ಯಾಡಂದಾರ" ಎಂದು ಅವರ ಕೈಗೆ ಚಹಾ ಕೊಡುತ್ತಾಳೆ. ಡಾಕ್ಟರು ಹಾಗೇನೂ ಹೇಳಿಲ್ಲ.

ನಡೆದದ್ದು ಇಷ್ಟು. ನಾನು ತಳಕಲ್ ಕಡೆಯ ಪಶು ಆಸ್ಪತ್ರೆಯಲ್ಲಿ ಜಾನುವಾರು ಪರೀಕ್ಷಕ. ಕಳೆದ ತಿಂಗಳು ಹೊನ್ನೂರಪ್ಪ ಎಂಬ ರೈತ ನಸುಕಿನಲ್ಲಿ ಫೋನು ಮಾಡಿದ. ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿತ್ತು. ಅವನ ಹೊಲದ ಕೊಟ್ಟಿಗೆಗೆ ಹೋದೆ. ಕರು ಹೊರಗೆ ಬಂತು, ಉಸಿರಾಡಿತು. ಕೈ ತೊಳೆದುಕೊಂಡು, ಬೈಕು ನಿಲ್ಲಿಸಿದ್ದ ಕಡೆಗೆ ಮೆಕ್ಕೆಜೋಳದ ಬದುವಿನ ಮೇಲೆ ಒಬ್ಬನೇ ನಡೆದೆ. ಬೆಳೆ ನನಗಿಂತ ಎತ್ತರ. ಅದರೊಳಗಿಂದ ಅದು ಬಂತು. ಹಿಂದೆ ಮರಿ ಇತ್ತು. ನನ್ನನ್ನು ನೋಡಿ ಎರಡು ಕಾಲ ಮೇಲೆ ಎದ್ದು ನಿಂತಿತು. ನಿಂತದ್ದು ಕಂಡದ್ದೇ ತಡ, ಬೆನ್ನು ತಿರುಗಿಸಿದೆ. ಆಮೇಲಿನದೆಲ್ಲ ಚೂರು ಚೂರು. ಬಾಯೊಳಗೆ ಮಣ್ಣು. ಕುತ್ತಿಗೆಯ ಮೇಲೆ ಬಿಸಿ ಉಸಿರು. ಎಲ್ಲೋ ಹೊನ್ನೂರಪ್ಪನ ಕೂಗು. ಕಣ್ಣು ಬಿಟ್ಟಾಗ ಕೊಪ್ಪಳದ ಆಸ್ಪತ್ರೆ.

ಅದರ ಹೆಸರು ಮತ್ತೆ ಬರೆಯಲು ಕೈ ಬರುತ್ತಿಲ್ಲ. ಅದು ಎಂದೇ ಬರೆಯುತ್ತೇನೆ.

೧೧ ಸೆಪ್ಟೆಂಬರ್, ಬುಧವಾರ

ಎದುರು ಮನೆಯವರು ಮಾಳಿಗೆಯ ಮೇಲೆ ಕರಿಯ ಕಂಬಳಿ ಒಣಹಾಕಿದ್ದರು. ಗಾಳಿಗೆ ಉಬ್ಬಿ ಎದ್ದಿತು. ನಾನು ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಂಡೆ. ಶಾಂಭವಿ ಹೋಗಿ ಏನು ಹೇಳಿದಳೋ, ಕಂಬಳಿ ತೆಗೆದರು. ತೆಗೆದ ಮೇಲೆ ನಾಚಿಕೆಯಾಯಿತು. ಆದರೂ ಅವಳು ಶಾಲೆಗೆ ಹೋದ ಮೇಲೆ ಮತ್ತೆ ಚಿಲಕ ಹಾಕಿದೆ. ಅವಳು ಪಾಠ ಮುಗಿಸಿ ಬರುವ ತನಕ ತೆಗೆಯಲಿಲ್ಲ.

೧೫ ಸೆಪ್ಟೆಂಬರ್, ಭಾನುವಾರ

ತೌಸೀಫ ಬಂದಿದ್ದ. ನನ್ನ ಶಾಲೆಯ ಗೆಳೆಯ, ಇಲ್ಲೇ ಭಾಗ್ಯನಗರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟವನು. ಆ ಪ್ರಶ್ನೆ ಕೇಳದವನು ಅವನೊಬ್ಬನೇ. ರಟ್ಟಿನ ಡಬ್ಬಿಯೊಂದನ್ನು ತಂದು ಮೇಜಿನ ಮೇಲೆ ಸುರುವಿದ. ಹೆಬ್ಬೆರಳುದ್ದದ ಸೈನಿಕರು. ಈಟಿಯವರು, ಬಿಲ್ಲಿನವರು, ಕುದುರೆಯವರು. ಪ್ಲಾಸ್ಟಿಕ್ ಗೊಂಬೆ ಮಾಡುವ ಯಂತ್ರ ಅಂಗಡಿಗೆ ತಂದಾಗಿನಿಂದ ಅವನಿಗೆ ಇದೇ ಹುಚ್ಚು. ಒಂದೊಂದರ ಮೀಸೆಗೂ ಬಣ್ಣ ಹಚ್ಚುತ್ತಾನೆ. ಭಾನುವಾರ ಅಂಗಡಿಯ ಮಾಳಿಗೆಯಲ್ಲಿ ನಾಲ್ಕಾರು ಜನ ಕೂಡಿ ಯುದ್ಧ ಆಡುತ್ತಾರಂತೆ.

"ಚದುರಂಗದಂಗ ಮನಿ ಇರಂಗಿಲ್ಲ ಇದರಾಗ," ಎಂದ. "ಟೇಪು ಹಿಡದು ಅಳದು ನಡಸೋದು. ದಾಳ ಒಗದು ಏಟು ಬಿತ್ತೋ ಇಲ್ಲೋ ನೋಡೋದು. ನಿನ್ನ ಗೊಂಬಿ ನನ್ನ ಗೊಂಬಿಗೆ ತಾಗಿ ನಿಂತ್ರ ಕೈಕೈ ಕಾಳಗ."

ನಾನು ಬಿಲ್ಲಿನವರನ್ನಷ್ಟೇ ಆರಿಸಿಕೊಂಡೆ. ರೊಟ್ಟಿ ಡಬ್ಬಿಯ ಗುಡ್ಡದ ಹಿಂದೆ ನಿಲ್ಲಿಸಿದೆ. ಅವನ ಕುದುರೆ ಮುಂದೆ ಬಂದ ಹಾಗೆಲ್ಲ ಹಿಂದೆ ಸರಿಸಿದೆ. ಒಂದು ಬಾಣವನ್ನೂ ಬಿಡಲಿಲ್ಲ. ಬರೀ ಸರಿಸಿದೆ.

"ಮೇಜು ಮುಗೀತಲೇ ಗುರು," ತೌಸೀಫ ನಕ್ಕ. "ಇನ್ನ ಎಲ್ಲಿ ಹೊಕ್ಕಿ?"

ಹಿಂದೆ ಜಾಗವಿಲ್ಲ, ಮುಂದೆ ಕುದುರೆ. ಸಾಕು ಎಂದುಬಿಟ್ಟೆ. ಅವನು ಗೊಂಬೆಗಳನ್ನು ಡಬ್ಬಿಗೆ ತುಂಬಿಕೊಂಡ.

೧೯ ಸೆಪ್ಟೆಂಬರ್, ಗುರುವಾರ

ಹಿತ್ತಲಲ್ಲಿ ಸದ್ದು. ಬೆಕ್ಕು ಇರಬೇಕು. ಹೋಗಿ ನೋಡಲಿಲ್ಲ.

೨೨ ಸೆಪ್ಟೆಂಬರ್, ಭಾನುವಾರ

ತೌಸೀಫ ಬಿಡಲಿಲ್ಲ. ಅಂಗಡಿಯ ವ್ಯಾನು ತಂದು ಬಾಗಿಲಿಗೇ ನಿಲ್ಲಿಸಿದ. ಗಾಜು ಏರಿಸಿ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಒಳಗೆ ಕೂತೆ. ವ್ಯಾನಿನೊಳಗೆ ಹೆಲ್ಮೆಟ್ ಹಾಕಿದವನನ್ನು ನೋಡಿ ಜನ ನಕ್ಕಿರಬೇಕು. ದಾರಿಯಲ್ಲಿ ಪಂಕ್ಚರ್ ಅಂಗಡಿ ಇದೆ, ಮುಂದುಗಡೆ ಕರಿಯ ಟೈರು ಟ್ಯೂಬು ನೇತುಹಾಕಿರುತ್ತಾರೆ. ಅದು ದಾಟುವ ತನಕ ಕಣ್ಣು ಮುಚ್ಚಿದ್ದೆ.

ಎದುರಾಳಿ ಮಹೇಶ್ವರಿ ಮೇಡಂ. ಗಂಗಾವತಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ. ತವರು ಇಲ್ಲೇ, ಭಾನುವಾರ ತಾಯಿಯನ್ನು ನೋಡಲು ಬಂದವರು ಒಂದು ಯುದ್ಧ ಮುಗಿಸಿಯೇ ಬಸ್ಸು ಹತ್ತುವುದಂತೆ. ನನ್ನ ವಿಷಯ ಅವರಿಗೆ ಗೊತ್ತಿರಲಿಲ್ಲ.

ಎರಡನೇ ಸರದಿಗೇ ಅವರ ಕುದುರೆಗಳು ಬಂದು ನನ್ನ ಬಿಲ್ಲಿನವರಿಗೆ ತಾಗಿ ನಿಂತವು. ಗೊಂಬೆಗಳ ಕಾಲಡಿಯ ಮರದ ಬಿಲ್ಲೆಗೆ ಬಿಲ್ಲೆ ತಾಗಿದ ಟಕ್ ಎಂಬ ಸಣ್ಣ ಸದ್ದು. ಹಿಂದೆ ತೆಗೆಯುತ್ತೇನೆ ಎಂದೆ.

"ತಗೀರಿ ಸರ್," ಎಂದರು ಮೇಡಂ. "ಆದ್ರ ತಾಗಿ ನಿಂತಾವ್ರು ಬೆನ್ನು ತಿರುಗಿಸಿದ್ರ ನನಗೊಂದು ಬಿಟ್ಟಿ ಏಟು. ಅದಕ್ಕ ನೀವು ತಿರುಗಿ ಹೊಡಿಯಂಗಿಲ್ಲ."

ದಾಳ ಒಗೆದರು. ನನ್ನ ಗುಂಪಿನ ಅರ್ಧಕ್ಕರ್ಧ ಜನರನ್ನು ಎರಡು ಬೆರಳಿನಿಂದ ಎತ್ತಿ ಬದಿಗಿಟ್ಟರು.

ನಾನು ಎದ್ದು ಕೂಗಿದ್ದು ನನಗೇ ಆಮೇಲೆ ತಿಳಿಯಿತು. "ಇದೆಂಥಾ ನಿಯಮರಿ? ಓಡೋದೂ ತಪ್ಪೇನು? ನಿಂತು ಸಾಯ್ಬೇಕೇನು?"

ಕೆಳಗಿಳಿದು ಅಂಗಡಿಯಲ್ಲಿ ಫ್ಲೆಕ್ಸ್ ಸುರುಳಿಗಳ ನಡುವೆ ಕೂತೆ. ಅಂಗಿ ಬೆನ್ನಿಗೆ ಅಂಟಿತ್ತು. ರಕ್ತವೇ ಎಂದು ಕೈಯಾಡಿಸಿ ನೋಡಿಕೊಂಡೆ. ಬೆವರು.

ಸ್ವಲ್ಪ ಹೊತ್ತಿಗೆ ಮೇಡಂ ಬಂದರು. ತೌಸೀಫ ಎಲ್ಲ ಹೇಳಿದ್ದನೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಅಯ್ಯೋ ಪಾಪ ಎನ್ನಲಿಲ್ಲ. "ಆ ನಿಯಮ ನನಗೂ ಪೂರಾ ಸರಿ ಅನಿಸಿಲ್ಲ ಸರ್. ಬ್ಯಾರೆ ಹೆಂಗ ಇರಬೇಕು, ನೀವ ಬರದು ತರ್ರಿ. ಆಡಿ ನೋಡೋಣು" ಎಂದರು.

೨೫ ಸೆಪ್ಟೆಂಬರ್, ಬುಧವಾರ

ಬರೆದೆ. "ಕೈಕೈ ಕಾಳಗದಲ್ಲಿರುವ ಗುಂಪು ಬೇಕೆಂದಾಗ ಹಿಂದೆ ಸರಿಯಬಹುದು. ಯಾವ ಏಟೂ ಇಲ್ಲ." ಇಷ್ಟೇ. ಓದಿದರೆ ಮನಸ್ಸಿಗೆ ಹಾಯೆನಿಸಿತು.

ಆಡಿ ನೋಡಲು ಜನ ಬೇಕಲ್ಲ. ತೌಸೀಫನಿಂದ ಗೊಂಬೆ ತರಿಸಿಕೊಂಡು ಶಾಂಭವಿಯನ್ನು ಕೂರಿಸಿಕೊಂಡೆ. ಅವಳು ಮಕ್ಕಳ ಪರೀಕ್ಷೆಯ ಹಾಳೆ ತಿದ್ದುವುದನ್ನು ಬಿಟ್ಟು ಬಂದು ಕೂತಳು. ಕುದುರೆಗಳನ್ನು ಕೈಗೆ ತೆಗೆದುಕೊಂಡು, "ಎಷ್ಟ್ ಚಂದ ಮಾಡ್ಯಾನಲ್ರಿ ತೌಸೀಫಣ್ಣ" ಎಂದಳು. ಆಮೇಲೆ ಮೂರೇ ಸರದಿಯಲ್ಲಿ ನನ್ನನ್ನು ನುಣ್ಣಗೆ ಬೋಳಿಸಿದಳು. ಕುದುರೆ ಬಂದು ಹೊಡೆಯುವುದು, ಹಿಂದೆ ಸರಿಯುವುದು. ಮತ್ತೆ ಬಂದು ಹೊಡೆಯುವುದು, ಮತ್ತೆ ಸರಿಯುವುದು. ಅವಳನ್ನು ಹಿಡಿಯಲು ನನಗೆ ದಾರಿಯೇ ಇಲ್ಲ.

"ಏ, ಇದು ಕಳ್ಳಾಟ ಆತು!" ಎಂದೆ.

"ನೀವ ಬರದೀರಲ್ರಿ," ಎಂದು ನಕ್ಕಳು. ಅವಳು ನಕ್ಕದ್ದನ್ನು ಕೇಳಿ ಎಷ್ಟೋ ದಿನವಾಗಿತ್ತು. "ಹೊಡದು ಓಡೋರಿಗೆ ಏನೂ ಇಲ್ಲ ಅಂದ್ರ, ಹೊಡಸ್ಕೊಂಡಾವ್ರ ಗತಿ ಏನ್ರಿ?"

ಹಾಳೆ ಹರಿದು ಹಾಕಿದೆ.

೨೯ ಸೆಪ್ಟೆಂಬರ್, ಭಾನುವಾರ

ಎರಡನೆಯ ಬಾರಿ ಬರೆದದ್ದು ಗಟ್ಟಿಯಾಗಿದೆ. "ಹಿಂದೆ ಸರಿಯಬೇಕಾದರೆ ನಮ್ಮದೇ ಇನ್ನೊಂದು ಗುಂಪು ಆ ಶತ್ರುವಿಗೆ ತಾಗಿ ನಿಂತಿರಬೇಕು. ಹಾಗಿದ್ದರೆ ಬಿಟ್ಟಿ ಏಟಿಲ್ಲ. ಇಲ್ಲದಿದ್ದರೆ ಏಟು ತಪ್ಪದು. ಹಿಂದೆ ಸರಿದವರು ಆ ಸರದಿಯಲ್ಲಿ ಬಾಣ ಬಿಡುವಂತಿಲ್ಲ, ಯಾರ ಮೇಲೂ ಬೀಳುವಂತಿಲ್ಲ."

ವ್ಯಾನು ಕೆಟ್ಟಿದ್ದರಿಂದ ತೌಸೀಫನ ಜೊತೆ ನಡೆದೇ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಅವನ ತೋಳು ಹಿಡಿದಿದ್ದೆ.

ಮೇಡಂ ಕುದುರೆ ನುಗ್ಗಿಸಿದರು. ನಾನು ಈಟಿಯವರನ್ನು ತಂದು ತಾಗಿಸಿ, ಬಿಲ್ಲಿನವರನ್ನು ಹಿಂದೆ ತೆಗೆದೆ. ಒಬ್ಬನೂ ಸಾಯಲಿಲ್ಲ. ತೌಸೀಫ ಚಪ್ಪಾಳೆ ತಟ್ಟಿದ. ಮುಂದಿನ ಸರದಿಯಲ್ಲಿ ಕುದುರೆಗಳು ಆ ಈಟಿಯವರನ್ನು ಅಲ್ಲೇ ಮುಗಿಸಿದವು. ನಾನು ಬಿಲ್ಲಿನವರನ್ನೇ ನೋಡುತ್ತಿದ್ದೆ.

"ನಿಯಮ ಛಲೋ ಐತಿ ಸರ್," ಎಂದರು ಮೇಡಂ, ಸತ್ತ ಈಟಿಯವರನ್ನು ಡಬ್ಬಿಗೆ ಹಾಕುತ್ತ. "ಆದ್ರ ತಾಗಿ ನಿಂತಾವ್ರದು ಏನೂ ಬರದಿಲ್ಲ ನೀವು. ಅವ್ರು ಹೆಂಗ ಹೊರಗ ಬರಬೇಕು?"

ಅದನ್ನೇ ಯೋಚಿಸುತ್ತ ನಡೆದೆ. ಮನೆಗೆ ಬಂದ ಮೇಲೆ ಹೊಳೆದದ್ದು ಬೇರೆ. ಅದು ನನ್ನ ಬೆನ್ನ ಮೇಲೆ ಇತ್ತು. ನಾನು ಬದುಕಿ ಬಂದೆ. ಹೇಗೆ? ಹೊನ್ನೂರಪ್ಪ ಕೂಗಿದ, ಅದು ಬಿಟ್ಟು ಹೋಯಿತು ಎಂದುಕೊಂಡಿದ್ದೆ. ಮರಿಯಿರುವ ತಾಯಿ ಬರೀ ಕೂಗಿಗೆ ಬಿಟ್ಟು ಹೋಗುತ್ತದೆಯೆ? ಈಗಷ್ಟೇ ಈದ ಆಕಳ ಹತ್ತಿರ ಹೋಗಲೂ ಹೆದರುವ ನಾನು, ಇದನ್ನು ಹೇಗೆ ನಂಬಿದೆ?

೧ ಅಕ್ಟೋಬರ್, ಮಂಗಳವಾರ

ಶಾಂಭವಿ ರೊಟ್ಟಿ ಬಡಿಯುತ್ತಿದ್ದಳು. ಕೇಳಿದೆ. "ಹೊನ್ನೂರಪ್ಪ ಅವತ್ತು ಕೂಗಿದನಷ್ಟ ಏನು?"

ಕೈ ನಿಲ್ಲಿಸಿದಳು.

"ಕೊಡಲಿ ಹಿಡಕೊಂಡು ಬಂದು ಹೊಡದಾನಂತ್ರಿ. ನಿಮ್ಮನ್ನ ಬಿಟ್ಟು ಅವನ ಮ್ಯಾಲ ಹೋಗೇತಿ. ಬಲಗೈ ಕಚ್ಚೇತಿ. ಗಾಯ ಮಾಯ್ದೈತಂತ, ಬೆರಳು ಮಡಚಾಕ ಬರಂಗಿಲ್ಲಂತ."

"ನನಗ್ಯಾಕ ಹೇಳಲಿಲ್ಲ?"

"ಕಂಬಳಿ ಕಂಡ್ರ ಬಾಗಲಾ ಹಾಕ್ಕೊಂತಿದ್ರಿ. ಹೆಂಗ ಹೇಳ್ಲಿ?" ಎಂದು ತವೆಯ ಮೇಲಿನ ರೊಟ್ಟಿ ತಿರುವಿದಳು. ಆಮೇಲೆ ಮೆಲ್ಲಗೆ, "ನೀವೂ ಕೇಳಲಿಲ್ಲ" ಎಂದಳು.

೪ ಅಕ್ಟೋಬರ್, ಶುಕ್ರವಾರ

ಹೊನ್ನೂರಪ್ಪನಿಗೆ ಫೋನು ಮಾಡಬೇಕೆಂದು ಕೈಗೆತ್ತಿಕೊಂಡೆ, ಇಟ್ಟೆ. ಅವನು ಬೈದರೆ? ಬೈಯದೆ ಇದ್ದರೆ ಇನ್ನೂ ಕಷ್ಟ. ರೈತನ ಬಲಗೈ.

೮ ಅಕ್ಟೋಬರ್, ಮಂಗಳವಾರ

ಆಸ್ಪತ್ರೆಯಿಂದ ಅಯ್ಯಪ್ಪ ಫೋನು ಮಾಡಿದ್ದ. ನನ್ನ ಜೊತೆ ಹಳ್ಳಿ ತಿರುಗುವ ಸಹಾಯಕ. ತಿಂಗಳ ಕೊನೆಗೆ ಕಾಲುಬಾಯಿ ರೋಗದ ಲಸಿಕೆ ಶುರುವಂತೆ.

"ಅಷ್ಟರಾಗ ರಜಾ ಮುಗೀತೈತಲ್ರಿ ಸಾಹೇಬ್ರ. ಬರ್ತೀರಲ್ರಿ? ನಾ ಒಬ್ಬಾಂವ ಹೆಂಗ ಸೂಜಿ ಹಾಕ್ಲಿ? ಆಚಿ ಊರಾಗ ಎರಡು ಎತ್ತಿಗೆ ಬಾಯಿ ಹುಣ್ಣಾಗ್ಯಾವಂತ."

ನೋಡೋಣ ಎಂದೆ. ಫೋನು ಇಟ್ಟ ಮೇಲೆ ಕೊಪ್ಪಳದ ಕಚೇರಿಗೆ ವರ್ಗ ಕೇಳಿ ಅರ್ಜಿ ಬರೆದೆ. ಮೇಜು, ಕುರ್ಚಿ, ನಾಲ್ಕು ಗೋಡೆ. ಅಲ್ಲಿ ಮೆಕ್ಕೆಜೋಳ ಬೆಳೆಯುವುದಿಲ್ಲ. ಸಹಿ ಹಾಕಿ ಪುಸ್ತಕದ ನಡುವೆ ಇಟ್ಟಿದ್ದೇನೆ. ನಾಳೆ ಶಾಂಭವಿಯ ಕೈಯಲ್ಲಿ ಕಳಿಸಬೇಕು.

೧೩ ಅಕ್ಟೋಬರ್, ಭಾನುವಾರ

ನಿನ್ನೆ ದಸರೆ. ಬನ್ನಿ ಕೊಡುವ ನೆಪದಲ್ಲಿ ಹೊನ್ನೂರಪ್ಪನ ಊರಿಗೆ ಹೋಗಿ ಬಂದೆ. ತೌಸೀಫ ವ್ಯಾನು ತಂದಿದ್ದ. ತಳಕಲ್ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಮೆಕ್ಕೆಜೋಳ. ಒಣಗಿ ನಿಂತಿದೆ. ನಾನು ನನ್ನ ಕಾಲಬೆರಳುಗಳನ್ನೇ ನೋಡುತ್ತ ಕೂತಿದ್ದೆ. "ಇನ್ನ ಎಷ್ಟ್ ದೂರ?" ಎಂದು ಕೇಳಿದಾಗೆಲ್ಲ ತೌಸೀಫ "ಬಂತು, ಬಂತು" ಎಂದ.

ಹೊನ್ನೂರಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಬಲಗೈಗೆ ಅರಿವೆ ಸುತ್ತಿತ್ತು. ನನ್ನನ್ನು ಕಂಡು ಎದ್ದ. ನಾನು ಬನ್ನಿ ಕೊಟ್ಟೆ, "ಬಂಗಾರದಂಗ ಇರೋಣು" ಎಂದೆ.

"ಎಡಗೈಲೆ ತಗೊಂತೀನಿ ಡಾಕ್ಟ್ರ, ತಪ್ಪ ತಿಳೀಬ್ಯಾಡ್ರಿ," ಎಂದ.

ಅವನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅರಿವೆ ಬಿಚ್ಚಿದೆ. ಹಲ್ಲಿನ ಗುರುತು ಮುಂಗೈಯ ಎರಡೂ ಕಡೆ. ಬೆರಳು ಒಂದೊಂದಾಗಿ ಮಡಚಿ ನೋಡಿದೆ. ಎರಡು ಮಡಚುವುದಿಲ್ಲ. ಹೇಳಬೇಕೆಂದು ಬಂದದ್ದನ್ನು ಹೇಳಿದೆ. "ನೀ ಬರದಿದ್ರ ನಾ ಇವತ್ತು ಇರ್ತಿದ್ದಿಲ್ಲ, ಹೊನ್ನೂರಪ್ಪ. ಕೊಡಲಿ ಹಿಡಕೊಂಡು..."

"ಕೊಡಲಿ ಇರಲಿಲ್ರಿ," ಎಂದು ಅವನು ಒಳಗೆ ಒಮ್ಮೆ ನೋಡಿದ. ದನಿ ತಗ್ಗಿಸಿದ. "ಊರಾಗ ಎಲ್ಲಾರು ಹಂಗ ಅಂತಾರ. ನಾನೂ ಸುಮ್ನ ಅದೀನಿ. ನಿಮ್ಮ ಮುಂದ ಖರೇ ಹೇಳ್ತೀನಿ. ನೀವು ಚೀರಿದ್ದು ಕೇಳಿ ಕೊಡಲಿ ತಗೊಂಡ ಬಂದಿದ್ನಿ. ಕರಡಿ ನಿಮ್ಮ ಮ್ಯಾಲ ಕುಂತಿತ್ತು. ನೋಡಿ ಕೊಡಲಿ ಒಗದು ಓಡಿದ್ನಿರಿ. ಬಾವಿ ತನಕ ಓಡೀನಿ."

ತೌಸೀಫ ವ್ಯಾನಿಗೆ ಒರಗಿ ನಿಂತಿದ್ದ, ಕೇಳಿಸಿತೋ ಇಲ್ಲವೋ. ನಾನು ಹೊನ್ನೂರಪ್ಪನ ಕೈ ಬಿಡಲಿಲ್ಲ.

"ಆಮ್ಯಾಲ?"

"ಬಾವಿ ಕಟ್ಟಿ ಹಿಡಕೊಂಡು ನಿಂತಿದ್ನಿ. ನಿಮ್ಮ ದನಿ ನಿಂತ ಬಿಡ್ತು. ನಿಂತಕೂಡ್ಲೆ ನನಗ ಇನ್ನಷ್ಟ ಅಂಜಿಕಿ ಆತು. ಅಲ್ಲಿ ಒಂದು ಬಿದರ ಗಳ ಇತ್ತು, ಅದನ್ನ ತಗೊಂಡು ಹೊಳ್ಳಿ ಬಂದ್ನಿ. ಯಾಕ ಬಂದ್ನಿ ಅಂತ ಕೇಳಬ್ಯಾಡ್ರಿ, ನನಗ ಗೊತ್ತಿಲ್ಲ."

ಅವನ ಹೆಂಡತಿ ಚಹಾ ತಂದಳು. ಎಮ್ಮೆಯನ್ನು ಊರೊಳಗಿನ ಮನೆಗೆ ತಂದು ಕಟ್ಟಿದ್ದಾರಂತೆ. ಕರು ಗಟ್ಟಿಯಾಗಿದೆಯಂತೆ. ಹೊಲದ ಬೆಳೆ ಮಾತ್ರ ಹಾಗೇ ನಿಂತಿದೆ. "ಇವ್ರ ಕೈಗೆ ತ್ರಾಸ ಐತಿ, ಆಳು ಹಚ್ಚೋಣ ಅಂದ್ರ ಇವತ್ತು ನಾಳಿ ಅಂತಾರ," ಎಂದಳು.

ಅವಳು ಒಳಗೆ ಹೋದ ಮೇಲೆ ಹೊನ್ನೂರಪ್ಪ ನನ್ನ ಮುಖ ನೋಡಿದ. "ಕೈ ಅಲ್ರಿ," ಎಂದ.

"ನಡಿ, ಬದುವಿನ ತನಕ ಹೋಗಿ ಬರೋಣು." ಈ ಮಾತು ನನ್ನ ಬಾಯಿಂದ ಬಂತು. ಬಂದ ಕೂಡಲೇ ವಾಪಸು ನುಂಗಬೇಕೆನಿಸಿತು. ಅವನು ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.

ಬಿಸಿಲು ಇನ್ನೂ ಇತ್ತು. ವ್ಯಾನನ್ನು ಹೊಲದ ದಾರಿಯಲ್ಲಿ ಎಷ್ಟು ಒಳಗೆ ಹೋಗುತ್ತದೋ ಅಷ್ಟು ಒಳಗೆ ತಂದು ತೌಸೀಫ ಬಾಗಿಲು ತೆರೆದೇ ಇಟ್ಟ. ಮೂವರೂ ನಡೆದೆವು. ಒಣಗಿದ ಗರಿ ಗಾಳಿಗೆ ಒಂದಕ್ಕೊಂದು ತೀಡುವ ಸದ್ದು, ಹತ್ತಾರು ಜನ ಪಿಸುಗುಟ್ಟಿದ ಹಾಗೆ. ನಾನು ಬಿದ್ದ ಜಾಗ ಬಂತು. ಹುಲ್ಲು ಬೆಳೆದಿತ್ತು, ಗುರುತೇನೂ ಇರಲಿಲ್ಲ. ಗುರುತಿಲ್ಲದ್ದನ್ನು ನೋಡಿ ಇನ್ನೂ ಹೆದರಿಕೆಯಾಯಿತು. ಹೊನ್ನೂರಪ್ಪ ಬಾಯಿ ಒಣಗಿದವನ ಹಾಗೆ ತುಟಿ ಸವರಿಕೊಂಡ.

ಆಗ ಬೆಳೆಯೊಳಗೆ ಏನೋ ಸರಿಯಿತು. ಗಾಳಿ ನಿಂತಿತ್ತು. ನಾಲ್ಕಾರು ದಂಟು ಅಲುಗಿದವು, ನಿಂತವು, ಮತ್ತೆ ಅಲುಗಿದವು, ಈ ಬಾರಿ ನಮ್ಮ ಕಡೆಗೆ.

ಹೊನ್ನೂರಪ್ಪನ ಎಡಗೈ ನನ್ನ ಮಣಿಕಟ್ಟು ಹಿಡಿದಿತ್ತು. ನಾನು ತೌಸೀಫನ ಅಂಗಿ ಹಿಡಿದಿದ್ದೆ. ಬೆಳೆಯ ಕಡೆಗೇ ಮುಖ ಮಾಡಿ ಹಿಂದಕ್ಕೆ ಹೆಜ್ಜೆ ಇಟ್ಟೆವು. ಇನ್ನೊಂದು. ಹಿಂದೆ ಗುಂಡಿ ಇದೆಯೋ ಕಲ್ಲಿದೆಯೋ ನೋಡುವ ಹಾಗಿಲ್ಲ. ತಿರುಗಿ ಓಡು ಎಂದು ಮೈಯೆಲ್ಲ ಒದರುತ್ತಿತ್ತು. ಬೆನ್ನಿನ ಗಾಯ ಉರಿಯುತ್ತಿತ್ತು. ತೌಸೀಫನ ಭುಜ ವ್ಯಾನಿಗೆ ಬಡಿದಾಗ ಮೂವರೂ ಒಬ್ಬರ ಮೇಲೊಬ್ಬರು ಒಳಗೆ ಬಿದ್ದೆವು.

"ನಾಯಿ ಇರಬೇಕು," ಎಂದ ತೌಸೀಫ, ಗಾಜು ಏರಿಸುತ್ತ. ಹೊನ್ನೂರಪ್ಪ ನಗಲು ಶುರುಮಾಡಿದ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನನಗೆ ನಗು ಬರಲಿಲ್ಲ. ಕರಡಿಯೋ ನಾಯಿಯೋ, ನಮಗೆ ಕೊನೆಗೂ ಗೊತ್ತಾಗಲಿಲ್ಲ.

ಇವತ್ತು ಜ್ವರ ಬಂದ ಹಾಗಿದೆ. ಆಟಕ್ಕೆ ಹೋಗಲಿಲ್ಲ.

೧೬ ಅಕ್ಟೋಬರ್, ಬುಧವಾರ

ಮತ್ತೆ ಅದೇ ಕನಸು. ಬಾಯೊಳಗೆ ಮಣ್ಣು. ಈ ಸಲ ಯಾರೋ ಬಾವಿಯ ಹತ್ತಿರ ನಿಂತಿದ್ದರು. ಯಾರೆಂದು ಕಾಣುವ ಮೊದಲೇ ಎಚ್ಚರವಾಯಿತು.

೨೦ ಅಕ್ಟೋಬರ್, ಭಾನುವಾರ

ಮಹೇಶ್ವರಿ ಮೇಡಂ ಬಹಳ ಹಟಮಾರಿ. ನನ್ನ ಮೂರನೆಯ ನಿಯಮವನ್ನು ಅರ್ಧ ಒಪ್ಪಿದರು, ಅರ್ಧ ಒಪ್ಪಲಿಲ್ಲ. ಮುಖ ತಿರುಗಿಸದೆ ಹಿಂದೆ ಸರಿದರೆ ಬಿಟ್ಟಿ ಏಟಿಲ್ಲ, ಆದರೆ ಅರ್ಧ ದೂರವಷ್ಟೇ ಸರಿಯಬಹುದು. ಇದಕ್ಕೆ ತಕರಾರಿಲ್ಲ. ಬೆನ್ನು ತಿರುಗಿಸಿ ಓಡಿದರೆ ಪೂರ್ತಿ ದೂರ, ಏಟೂ ಉಂಟು. ಅದಕ್ಕೂ ತಕರಾರಿಲ್ಲ. ಜಗಳವೆಲ್ಲ ಓಡಿದವರು ಹೊಳ್ಳಿ ನಿಲ್ಲುವುದರ ಮೇಲೆ. ಇಷ್ಟು ದಿನ ಒಮ್ಮೆ ಓಡಿದ ಗುಂಪನ್ನು ಮೇಜಿನಿಂದ ತೆಗೆದುಬಿಡುತ್ತಿದ್ದರು. ಯಾಕೆ ತೆಗೆಯಬೇಕು ಎಂದೆ. ಮುಂದಿನ ಸರದಿಯಲ್ಲಿ ದಾಳ ಒಗೆಯಲಿ, ಬೇಕಾದ ಅಂಕಿ ಬಿದ್ದರೆ ಹೊಳ್ಳಿ ನಿಲ್ಲಲಿ.

"ಎಷ್ಟು ಬಿದ್ರ ಸರ್?"

"ನಾಲ್ಕು, ಇಲ್ಲಾ ಅದರ ಮ್ಯಾಲ."

"ನಾಲ್ಕಾದ್ರ ಅರ್ಧಕ್ಕರ್ಧ ಮಂದಿ ಹೊಳ್ಳಿ ಬರ್ತಾರ. ಅಷ್ಟ್ ಸಲೀಸ ಏನ್ರಿ ಹೊಳ್ಳಿ ಬರೋದು? ಆರು ಇಡ್ರಿ."

"ಆರು ಇಟ್ರ ಯಾರೂ ಬರಂಗಿಲ್ರಿ ಮೇಡಂ. ಬಂದಾವ್ರನ್ನ ನಾ ನೋಡೀನಿ."

ತೌಸೀಫ ತಲೆ ಚಚ್ಚಿಕೊಂಡ. ಬಸ್ಸಿನ ಹೊತ್ತಾಯಿತೆಂದು ಮೇಡಂ ಹೊರಟರು. ನಾನು ನಿಲ್ದಾಣದ ತನಕ ಅವರ ಜೊತೆ ನಡೆದು ವಾದಿಸಿದೆ. ಬಸ್ಸು ಹತ್ತಿದ ಮೇಲೂ ಕಿಟಕಿಯಿಂದ ಆರು ಎಂದು ಬೆರಳು ತೋರಿಸಿದರು. ಬರುವಾಗ ಹಾಲು ತೆಗೆದುಕೊಂಡು ಪಂಕ್ಚರ್ ಅಂಗಡಿಯ ಮುಂದೆ ಬಂದಾಗ, ಐದೇ ಸರಿ ಎಂದು ಹೊಳೆಯಿತು. ಅಲ್ಲೇ ನಿಂತು ಬೆರಳೆಣಿಸಿ ಲೆಕ್ಕ ಹಾಕಿದೆ. ಮನೆಗೆ ಬಂದು ಬರೆದುಕೊಳ್ಳಲು ಹಾಳೆ ಸಿಗದೆ, ಪುಸ್ತಕದೊಳಗಿದ್ದ ವರ್ಗದ ಅರ್ಜಿಯ ಹಿಂಬದಿಗೆ ಬರೆದೆ. ಐದು. ಮೇಡಂ ಒಪ್ಪಲೇಬೇಕು.

೨೭ ಅಕ್ಟೋಬರ್, ಭಾನುವಾರ

ನಾಳಿದ್ದಿನಿಂದ ಲಸಿಕೆ. ಊಟ ಸೇರುತ್ತಿಲ್ಲ. ಶಾಂಭವಿ "ಬ್ಯಾಡಾದ್ರ ಬಿಡ್ರಿ, ಇನ್ನೊಂದು ರಜಾ ಚೀಟಿ ತರೋಣು" ಎಂದಳು. ಎತ್ತುಗಳ ಬಾಯಿ ಹುಣ್ಣಿನ ವಿಷಯ ಅವಳಿಗೆ ಹೇಳಿದೆ.

ಮೇಡಂ ಐದಕ್ಕೆ ಒಪ್ಪಿದರು.

೨೯ ಅಕ್ಟೋಬರ್, ಮಂಗಳವಾರ

ಬೆಳಿಗ್ಗೆ ಅಯ್ಯಪ್ಪನ ಬೈಕಿನ ಹಿಂದೆ ಕೂತೆ. ಲಸಿಕೆಯ ಐಸ್ ಡಬ್ಬಿ ನನ್ನ ತೊಡೆಯ ಮೇಲೆ. ಊರೊಳಗಿನ ದನಗಳ ಲಸಿಕೆ ಮಧ್ಯಾಹ್ನದೊಳಗೆ ಮುಗಿಯಿತು. ಹೊನ್ನೂರಪ್ಪನ ಕರುವನ್ನು ನೋಡಿದೆ. ಕಿವಿ ದೊಡ್ಡವು. ಲಸಿಕೆ ಹಾಕುವ ವಯಸ್ಸು ಅದಕ್ಕಿನ್ನೂ ಆಗಿಲ್ಲ. ಆಮೇಲೆ ಹೊಲದ ಕೊಟ್ಟಿಗೆಗಳಿಗೆ ಹೋಗಬೇಕಿತ್ತು. ದಾರಿ ತೋರಿಸಲು ಹೊನ್ನೂರಪ್ಪ ತಾನೇ ಬಂದ. ಅವನ ಬೆಳೆ ಅರ್ಧ ಕೊಯ್ದಾಗಿದೆ, ಮುಂದಿನವರದು ಇನ್ನೂ ನಿಂತಿದೆ.

ಮುಂದೆ ಹೊನ್ನೂರಪ್ಪ, ನಡುವೆ ನಾನು, ಹಿಂದೆ ಅಯ್ಯಪ್ಪ. ಬದುವಿನ ಮೇಲೆ ಸ್ವಲ್ಪ ದೂರ ಹೋಗಿದ್ದೆವು. ಎಡಗಡೆಯ ಬೆಳೆ ಸೀಳಿಕೊಂಡು ಕರಿಯದೊಂದು ನನ್ನ ಕಾಲ ಹತ್ತಿರಕ್ಕೇ ನುಗ್ಗಿತು.

ಓಡಿದೆ. ಮುಖ ಮಾಡಿ ಹಿಂದೆ ಸರಿಯುವುದು, ಅದು ಇದು, ಯಾವುದೂ ನೆನಪಾಗಲಿಲ್ಲ. ಡಬ್ಬಿ ಎಸೆದು, ಅಯ್ಯಪ್ಪನನ್ನು ದೂಡಿಕೊಂಡು ಓಡಿದೆ. ಬೇವಿನ ಗಿಡ ಸಿಕ್ಕಿತು, ತಬ್ಬಿಕೊಂಡೆ. ಕಣ್ಣು ಮುಚ್ಚಿದ್ದೆ. ಕುತ್ತಿಗೆಯ ಮೇಲೆ ಉಸಿರಿಗೆ ಕಾಯುತ್ತಿದ್ದೆ.

ಬಂದದ್ದು ಅಯ್ಯಪ್ಪನ ದನಿ. "ಹಂದಿರೀ ಸಾಹೇಬ್ರ! ಊರ ಹಂದಿ!"

ಗಿಡ ಬಿಡಲು ಕೈ ಬರಲಿಲ್ಲ. ನೋಡಿದರೆ ಹೊನ್ನೂರಪ್ಪನೂ ಬದುವಿನ ಮೇಲಿರಲಿಲ್ಲ. ಆ ಕಡೆ ದೂರದಲ್ಲಿ ಕಲ್ಲಿನ ಗುಡ್ಡೆಯ ಮೇಲೆ ಹತ್ತಿ ನಿಂತಿದ್ದ. ನಮ್ಮ ನಡುವೆ ಖಾಲಿ ದಾರಿ, ಅದರ ಮೇಲೆ ಡಬ್ಬಿ ಮಗ್ಗುಲಾಗಿ ಬಿದ್ದಿತ್ತು. ಮುಚ್ಚಳ ಸರಿದಿತ್ತು. ಬಿಸಿಲು ನೇರ ಅದರ ಮೇಲೆ. ಇನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಎಲ್ಲ ಕೆಡುತ್ತದೆ, ಮತ್ತೆ ತರಿಸಲು ಎಷ್ಟು ದಿನವೋ. ಆಚೆ ಊರಿನ ರೋಗ ಈಚೆ ಬರಲು ಅಷ್ಟು ದಿನ ಬೇಕಾಗುವುದಿಲ್ಲ.

ಹೋಗಿ ಡಬ್ಬಿ ಎತ್ತಿದೆ. ಎರಡೂ ಬದಿಗೆ ಬೆಳೆ ಪಿಸುಗುಟ್ಟುತ್ತಿತ್ತು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಮುಚ್ಚಳ ತೆಗೆದು, ಒಳಗೆ ಕೈಯಿಟ್ಟು ನೋಡಿದೆ. ಐಸು ಇನ್ನೂ ಗಟ್ಟಿಯಾಗಿತ್ತು. ಹೊನ್ನೂರಪ್ಪ ಗುಡ್ಡೆ ಇಳಿದು ಬಂದು ಡಬ್ಬಿಯ ಇನ್ನೊಂದು ಹಿಡಿಕೆಯನ್ನು ಎಡಗೈಯಲ್ಲಿ ಹಿಡಿದ. ಉಳಿದ ಎಮ್ಮೆಗಳಿಗೆ ಲಸಿಕೆ ಹಾಕಿ ಬಂದೆವು.